‘ಗಟ್ಟಿ ಮೀನು’ ಸರಿಯಾ, ‘ಒಗ್ಗುವ ಮೀನು’ ಸರಿಯಾ?

ಗೆಳೆಯರೇ,

ಅಕ್ವೇರಿಯಂ ಇಟ್ಟುಕೊಂಡವರು ಕೆಲವು ಮೀನುಗಳನ್ನು ‘ಹಾರ್ಡಿ’ (hardy) ಅನ್ನುತ್ತಾರೆ, ಅಂದರೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ಬದುಕಿಕೊಳ್ಳುವಂಥವು. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದು ನನ್ನ ಪ್ರಶ್ನೆ. ಮಾತಿನಲ್ಲಿ ‘ಗಟ್ಟಿ ಮೀನು’ ಅಂದುಬಿಡುತ್ತೇವೆ. ನಾನೂ ಹಾಗೇ ಅನ್ನುತ್ತಿದ್ದೆ. ಈಗ ಆ ಮಾತು ಬಿಡಬೇಕು ಅನ್ನಿಸಿದೆ.

ನಮ್ಮ ಮನೆಯ ತೊಟ್ಟಿಯಲ್ಲಿ ಕಂಚಿನ ಬಣ್ಣದ ಕೋರಿಡೋರಾಸ್ ಇವೆ, ಚಿಕ್ಕದಾಗಿ ಕೋರಿ. ಮೀಸೆ ಇರುವ, ಬೆರಳುದ್ದದ ಮೀನು. ತಳದಲ್ಲೇ ಗುಂಪಾಗಿ ಓಡಾಡುತ್ತದೆ. ಅಕ್ಕನ ಮಗ ತಾನೂ ಸಾಕುತ್ತೇನೆ ಅಂದಾಗ, ‘ಧೈರ್ಯವಾಗಿ ಸಾಕಪ್ಪ, ಗಟ್ಟಿ ಮೀನು’ ಅಂದೆ. ಅವನು ಹೊಸ ತೊಟ್ಟಿಗೆ ನೀರು ತುಂಬಿದ ಮಾರನೆಯ ದಿನವೇ ಆರು ಮೀನು ಬಿಟ್ಟ. ವಾರದೊಳಗೆ ನಾಲ್ಕು ಸತ್ತವು. ‘ನೀವೇ ಗಟ್ಟಿ ಅಂದಿದ್ರಲ್ಲ ಮಾಮ’ ಅಂದ. ಅವನ ಮಾತು ಸರಿಯಾಗಿತ್ತು. ಮೀನಿನ ಕಸದಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ, ಮೀನಿಗೆ ಅದು ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ಕೆಲವು ವಾರವೇ ಬೇಕು. ಗಟ್ಟಿ ಅಂದ ಮೇಲೆ ಅಷ್ಟು ದಿನ ಯಾಕೆ ಕಾಯಬೇಕು ಅಂತ ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ?

ಗಟ್ಟಿ ಮರ, ಗಟ್ಟಿ ಗೋಡೆ, ಗಟ್ಟಿ ಮನಸ್ಸು. ಹೊರಗಿನಿಂದ ಏನೇ ಬಂದರೂ ಅಲುಗಾಡುವುದಿಲ್ಲ ಅನ್ನುವ ಅರ್ಥ ಇವೆಲ್ಲದರಲ್ಲೂ ಇದೆ. ಈ ಮೀನಿನ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಇದರ ಮೈ ನಿಜವಾಗಿಯೂ ಗಟ್ಟಿ. ಎರಡೂ ಪಕ್ಕದಲ್ಲಿ ಹುರುಪೆಯ ಬದಲು ಎರಡು ಸಾಲು ಮೂಳೆಯ ಫಲಕಗಳಿವೆ. 1803ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲಾಸೆಪೇಡ್ ಕೋರಿಡೋರಾಸ್ ಅಂತ ಹೆಸರಿಟ್ಟಾಗ ಬಳಸಿದ್ದು ತಲೆಯ ಕವಚ ಮತ್ತು ತೊಗಲು ಅನ್ನುವ ಗ್ರೀಕ್ ಪದಗಳನ್ನು. ಹೀಗಾಗಿ ‘ಗಟ್ಟಿ’ ಅಂದ ಕೂಡಲೇ ಓದುವವರಿಗೆ ಆ ಕವಚವೇ ಕಣ್ಣಿಗೆ ಬರುತ್ತದೆ. ಆದರೆ ಅದೇ ಮೀನಿನ ಮೀಸೆ ಎಷ್ಟು ಮೆದು ಅಂದರೆ, ತಳದಲ್ಲಿ ಚೂಪು ಕಲ್ಲು, ಕೊಳೆ ಜಾಸ್ತಿ ಇದ್ದರೆ ಸವೆದು ಮೊಂಡಾಗುತ್ತದೆ. ಅದಕ್ಕೇ ನುಣ್ಣನೆ ಮರಳು ಹಾಕಬೇಕು.

ನಿಘಂಟು ನೋಡಿದರೆ ‘ಕಷ್ಟಸಹಿಷ್ಣು’ ಸಿಗುತ್ತದೆ. ಮೀನಿನ ಪಕ್ಕದಲ್ಲಿ ಅದನ್ನು ಯಾರೂ ಆಡುವುದಿಲ್ಲ. ‘ಬಾಳಿಕೆ’ ಬಟ್ಟೆಗೆ, ಬಕೆಟ್ಟಿಗೆ ಸರಿ. ‘ತಾಳಿಕೆ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ನೋವು ನುಂಗಿಕೊಂಡಿರುವ ಧ್ವನಿ ಇದೆ. ಸಾಕುವ ಪ್ರಾಣಿ ತಾಳಿಕೊಂಡಿರಲಿ ಅಂತ ನಾವು ಬಯಸಬಾರದು, ಅಲ್ವಾ?

ನನಗೆ ಹಿಡಿಸಿದ್ದು ‘ಒಗ್ಗು’. ಹೊಸ ಜಾಗಕ್ಕೆ ಹೋದವರು ‘ಅಲ್ಲಿನ ನೀರು ಒಗ್ಗಲಿಲ್ಲ’ ಅನ್ನುತ್ತಾರಲ್ಲ, ಅದೇ ಪದ. ಮನುಷ್ಯರ ಬಾಯಲ್ಲಿ ಅದು ನುಡಿಗಟ್ಟು. ಮೀನಿಗೆ ಅಕ್ಷರಶಃ ನಿಜ. ಒಗ್ಗುವುದಕ್ಕೆ ಸಮಯ ಬೇಕು ಅನ್ನುವುದೂ ಪದದೊಳಗೇ ಇದೆ. ಇನ್ನೊಂದು ಗುಣ ವ್ಯಾಕರಣದ್ದು. ‘ಗಟ್ಟಿ’ ಒಂಟಿಯಾಗಿ ನಿಲ್ಲುತ್ತದೆ. ‘ಒಗ್ಗು’ ಅಂದರೆ ‘ಯಾವುದಕ್ಕೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸಾಕುವವರು ಕೇಳಬೇಕಾದ ಪ್ರಶ್ನೆಯೂ ಅದೇ. ಕಂಚಿನ ಕೋರಿ 22ರಿಂದ 26 ಡಿಗ್ರಿ ನೀರಿಗೆ ಚೆನ್ನಾಗಿ ಒಗ್ಗುತ್ತದೆ. ಡಾರ್ವಿನ್ ಬೀಗಲ್ ಹಡಗಿನ ಪಯಣದಲ್ಲಿ ಹಿಡಿದು ತಂದ, 1842ರಲ್ಲಿ ಹೆಸರು ಪಡೆದ ಚುಕ್ಕೆ ಕೋರಿಗೆ ಇನ್ನೂ ತಣ್ಣನೆಯ ನೀರು ಬೇಕು, 18 ಡಿಗ್ರಿ ಇದ್ದರೂ ಆರಾಮಾಗಿರುತ್ತದೆ. ಎರಡನ್ನೂ ಸುಮ್ನೆ ‘ಗಟ್ಟಿ’ ಅಂದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಒಂಟಿಯಾಗಿ ಇರುವುದಕ್ಕಂತೂ ಎರಡೂ ಒಗ್ಗುವುದಿಲ್ಲ. ಕನಿಷ್ಠ ಆರಾದರೂ ಜೊತೆಗಿರಬೇಕು.

ನೀರು ಪೂರ್ತಿ ಒಗ್ಗಿದ ಮೇಲೆ ಅವು ಮೊಟ್ಟೆ ಇಡುತ್ತವೆ. ಇಲ್ಲೂ ಪದಗಳ ಪರದಾಟ ಇದೆ. ಚೆನ್ನಾಗಿ ತಿಂದು ಮೈ ತುಂಬಿಕೊಂಡ ಗುಂಪಿಗೆ, ಇರುವುದಕ್ಕಿಂತ ಎರಡು ಮೂರು ಡಿಗ್ರಿ ತಣ್ಣಗಿರುವ ನೀರನ್ನು ಬದಲಾಯಿಸಿ ಹಾಕಿದರೆ ಮಳೆ ಬಂದ ಹಾಗೆ ಆಗಿ, ಗಂಡುಗಳು ಹೆಣ್ಣಿನ ಹಿಂದೆ ಬೀಳುತ್ತವೆ. ಹೆಣ್ಣು ಹೊಟ್ಟೆಯಡಿಯ ಎರಡು ರೆಕ್ಕೆ ಜೋಡಿಸಿ ಅದರಲ್ಲಿ ಕೆಲವು ಮೊಟ್ಟೆ ಹಿಡಿದುಕೊಳ್ಳುತ್ತದೆ. ಆಮೇಲೆ ಗಾಜಿಗೋ ಎಲೆಗೋ ಅಂಟಿಸಿ ಬರುತ್ತದೆ. ಆ ರೆಕ್ಕೆಗಳ ಜೋಡಣೆಯನ್ನು ‘ಬುಟ್ಟಿ’, ‘ಚೀಲ’ ಅಂತ ಬರೆದು ನೋಡಿದೆ, ಸಮಾಧಾನವಾಗಲಿಲ್ಲ. ಒಂದು ದಿನ ತೊಟ್ಟಿಯ ಮುಂದೆ ಕೂತು ನೋಡುತ್ತಿದ್ದಾಗ ‘ಬೊಗಸೆ’ ಹೊಳೆಯಿತು. ಎರಡು ಅಂಗೈ ಸೇರಿದ ಹಾಗೇ ಇದೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು ‘ಒಡೆ’ ಬಗ್ಗೆ. ಸುಮಾರು 25 ಡಿಗ್ರಿಯಲ್ಲಿ ಮೂರರಿಂದ ಐದು ದಿನಕ್ಕೆ ಮರಿ ಹೊರಬರುತ್ತದೆ. ‘ಮೊಟ್ಟೆ ಒಡೆದವು’ ಅಂತ ಬರೆದರೆ ಮರಿ ಬಂತು ಅಂತಲೋ, ಮೊಟ್ಟೆ ಹಾಳಾಯಿತು ಅಂತಲೋ? ಬೆಳ್ಳಗಾಗಿ ಬೂಸ್ಟು ಹಿಡಿದ ಮೊಟ್ಟೆಗಳನ್ನು ದಿನವೂ ತೆಗೆಯುವವರಿಗೆ ಈ ಗೊಂದಲ ದೊಡ್ಡದು. ಕೋಳಿಗಾದರೆ ‘ಕಾವು ಕೂತಿದೆ’ ಅಂತ ಹಿಂದೆ ಮುಂದೆ ಮಾತು ಇರುತ್ತದೆ. ಇಲ್ಲಿ ಕಾವು ಇಲ್ಲ. ತಾಯಿ ತಂದೆಯೇ ಮೊಟ್ಟೆ ತಿಂದುಬಿಡುವುದರಿಂದ ಬೇರೆ ತೊಟ್ಟಿಗೆ ಹಾಕಿರುತ್ತೇವೆ. ‘ಮರಿಯಾದವು’ ಅಂತ ಬರೆದರೆ ಸ್ಪಷ್ಟ. ಆದರೆ ‘ಮರಿ ಹಾಕಿದವು’ ಅನ್ನುವುದು ಗಪ್ಪಿಯ ಥರ ನೇರವಾಗಿ ಮರಿ ಹಾಕುವ ಮೀನಿಗೇ ಇರಲಿ. ಎರಡನ್ನೂ ಬೆರೆಸಬಾರದು.

ಕೇಳಬೇಕಾಗಿರುವುದು ಇಷ್ಟು. ಗಿಡಕ್ಕೆ, ಬೆಳೆಗೆ, ದನಕ್ಕೆ ‘ಹಾರ್ಡಿ’ ಅನ್ನುವ ಅರ್ಥದಲ್ಲಿ ನಿಮ್ಮ ಕಡೆ ಬೇರೆ ಪದ ಬಳಕೆಯಲ್ಲಿ ಇದೆಯಾ? ‘ಒಗ್ಗುವ ಮೀನು’ ಅನ್ನುವುದನ್ನು ‘ಒಗ್ಗುಮೀನು’ ಅಂತ ಒಂದೇ ಪದ ಮಾಡಿದರೆ ಕಿವಿಗೆ ಸರಿ ಕೇಳುತ್ತದಾ? ಮೊಟ್ಟೆಯಿಂದ ಮರಿ ಹೊರಬರುವುದಕ್ಕೆ ‘ಒಡೆ’ ಬಿಟ್ಟು ಇನ್ನೊಂದು ಕ್ರಿಯಾಪದ ಮನೆಯಲ್ಲಿ ಹಿರಿಯರು ಆಡಿದ್ದು ನೆನಪಿದ್ದರೆ ದಯವಿಟ್ಟು ಬರೆಯಿರಿ. ಅಕ್ಕನ ಮಗ ತೊಟ್ಟಿಯನ್ನು ಆರು ವಾರ ಹದಕ್ಕೆ ಬಿಟ್ಟು, ಉಳಿದ ಎರಡಕ್ಕೆ ಹೊಸ ಜೊತೆ ತರಲು ಹೊರಟಿದ್ದಾನೆ. ಅವನಿಗೆ ಈ ಸಲ ಸರಿಯಾದ ಪದಗಳಲ್ಲೇ ಬರೆದುಕೊಡಬೇಕು ಅಂತಿದ್ದೇನೆ.