ಸಹಾಯ ಬೇಕು: ಅಮ್ಮನಿಗೆ ಹಲ್ಲು ನೋವು, ವಾರ್ಫರಿನ್ ಬೇರೆ ನಡೀತಿದೆ

ಅಮ್ಮನ ಕೆಳಗಿನ ದವಡೆ ಹಲ್ಲಿನ ಫಿಲ್ಲಿಂಗ್ ಬಿದ್ದುಹೋಗಿದೆ. ಮಧ್ಯಾಹ್ನದಿಂದ ವಿಪರೀತ ನೋವು. ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಡಿಮೆ. ಟಾರ್ಚ್ ಹಾಕಿ ನೋಡಿದೆ. ಹಲ್ಲಿನ ನಡುವೆ ಕಪ್ಪು ಗುಳಿ, ಪಕ್ಕದ ವಸಡು ಕೆಂಪಾಗಿದೆ. ಕೆನ್ನೆ ಊದಿಲ್ಲ, ಜ್ವರ ಇಲ್ಲ. ದಂತವೈದ್ಯರು ಸಿಗುವುದು ನಾಳೆ ಸಂಜೆಯೇ.

ತೊಡಕು ಏನಂದರೆ, ಅಮ್ಮ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಅದರ ಜೊತೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೊಟ್ಟರೆ ರಕ್ತಸ್ರಾವದ ಅಪಾಯ. ಅದಕ್ಕೇ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಒಂದು ಕೊಟ್ಟಿದ್ದೇನೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದ್ದಾಯಿತು. ಬಟ್ಟೆಯಲ್ಲಿ ಸುತ್ತಿದ ಐಸ್ ಕೆನ್ನೆಗೆ ಇಟ್ಟರೆ ಹಾಯ್ ಅನಿಸುತ್ತದಂತೆ. ಆಸ್ಪಿರಿನ್ ಪುಡಿ ಮಾಡಿ ಹಲ್ಲಿಗೇ ಒತ್ತಿ ಅಂದರು ಒಬ್ಬರು. ಅದು ವಸಡನ್ನೇ ಸುಡುತ್ತದೆ, ವಾರ್ಫರಿನ್ ಇರುವವರಿಗಂತೂ ಬೇಡವೇ ಬೇಡ.

ಇಲ್ಲಿ ದಂತವೈದ್ಯರು ಅಥವಾ ಫಾರ್ಮಸಿಸ್ಟ್ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮೆಡಿಕಲ್ ಶಾಪಿನಲ್ಲಿ ಸಿಗುವ ತಾತ್ಕಾಲಿಕ ಫಿಲ್ಲಿಂಗ್ ಹಾಕಿ ಗುಳಿ ಮುಚ್ಚಬಹುದಾ? ಒಳಗೆ ಕೀವು ಇದ್ದರೆ ಮುಚ್ಚಿದಾಗ ಒತ್ತಡ ಜಾಸ್ತಿಯಾಗುತ್ತದೆ ಅಲ್ವಾ, ಅದೇ ಭಯ. ವಾರ್ಫರಿನ್ ಇರುವವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ ಎಷ್ಟರವರೆಗೆ ಸರಿ? ಹಲ್ಲು ಕೀಳಬೇಕಾಗಿ ಬಂದರೆ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಪರೀಕ್ಷೆ) ರಿಪೋರ್ಟ್ ಹೊಸದೇ ಬೇಕಾ?

ವಾರ್ಫರಿನ್ ನಾವಾಗಿ ನಿಲ್ಲಿಸುವುದಿಲ್ಲ. ಮುಖ ಅಥವಾ ಕುತ್ತಿಗೆ ಊದಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ನಾಳೆವರೆಗೆ ಕಾಯದೆ ಎಮರ್ಜೆನ್ಸಿಗೆ ಹೋಗುತ್ತೇವೆ. ಮನೆಮದ್ದು ಸುಮ್ನೆ ಹೇಳಬೇಡಿ, ಅದು ಫೋನಲ್ಲೇ ಬೇಕಾದಷ್ಟು ಬಂದಿದೆ. ರಾತ್ರಿ ಎಷ್ಟೊತ್ತಾದರೂ ಉತ್ತರಿಸಿ, ಎಚ್ಚರವಾಗಿಯೇ ಇರುತ್ತೇನೆ.