‘ಅಸ್ಥಿಕ್ಷಯ’ ಎಂಬ ಪದದ ಬಳಕೆಯ ಕುರಿತು

ಮಾನ್ಯರೇ,

ಎಲುಬಿಗೆ ತಗಲುವ ಟಿಬಿಯನ್ನು ಕನ್ನಡದಲ್ಲಿ ‘ಅಸ್ಥಿಕ್ಷಯ’ ಎಂದು ಬರೆಯುವುದು ಸರಿಯೇ? ಕಳೆದ ಮಳೆಗಾಲದಲ್ಲಿ ಕುಮಟೆಯ ನನ್ನ ಚಿಕ್ಕಮ್ಮನ ವರದಿಯನ್ನು ಓದಿದ ಪರಿಚಯದವರೊಬ್ಬರು ‘ಅಸ್ಥಿಕ್ಷಯವಂತೆ’ ಎಂದರು. ಎಲುಬು ಸವೆದಿದೆ ಎಂದೇ ಮನೆಯವರೆಲ್ಲ ತಿಳಿದು, ರಾಗಿ ಗಂಜಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಂದು ಒಂದೂವರೆ ತಿಂಗಳು ಕಳೆದರು. ಟಿಬಿ ಮಾತ್ರೆ ಶುರುವಾದದ್ದು ಆಮೇಲೆ.

ತಪ್ಪು ತಿಳಿದವರದಲ್ಲ, ಪದದ್ದು ಎಂದು ನನಗೆ ಅನಿಸುತ್ತದೆ. ‘ಕ್ಷಯ’ ಒಂಟಿಯಾಗಿ ನಿಂತಾಗ ಟಿಬಿ ರೋಗದ ಹೆಸರು. ಬೇರೊಂದು ಪದದ ಬೆನ್ನಿಗೆ ಬಂದಾಗ ಆ ವಸ್ತುವಿನ ಸವೆತ, ಇಳಿಕೆ. ದಂತಕ್ಷಯವೆಂದರೆ ಹಲ್ಲಿನ ಹುಳುಕೇ ಹೊರತು ಹಲ್ಲಿನ ಟಿಬಿಯಲ್ಲ. ಆಯುರ್ವೇದದಲ್ಲಂತೂ ಅಸ್ಥಿಕ್ಷಯಕ್ಕೆ ಮೊದಲೇ ಅರ್ಥವಿದೆ: ದೇಹವನ್ನು ಕಟ್ಟುವ ಏಳು ಧಾತುಗಳಲ್ಲಿ ಒಂದಾದ ಅಸ್ಥಿ, ಅಂದರೆ ಎಲುಬು, ಕುಂದಿ, ಎಲುಬು ನೋಯುವುದು, ಹಲ್ಲು ಉಗುರು ಮುರಿಯುವುದು. 1882ರಲ್ಲಿ ಜರ್ಮನ್ ವೈದ್ಯ ರಾಬರ್ಟ್ ಕಾಖ್ ಕಂಡುಹಿಡಿದ ಟಿಬಿ ರೋಗಾಣುವಿಗೂ ಈ ಅರ್ಥಕ್ಕೂ ಸಂಬಂಧವಿಲ್ಲ. ಆದ್ದರಿಂದ, ಶಿರಸಿಯಿಂದ ಕಾರವಾರದವರೆಗೆ ಎಲ್ಲರ ಬಾಯಲ್ಲೂ ಇರುವ ‘ಎಲುಬು’, ‘ಟಿಬಿ’ ಎರಡನ್ನೂ ಕೂಡಿಸಿ ‘ಎಲುಬಿನ ಟಿಬಿ’ ಎಂದರೆ ಸಾಕು ಎಂಬುದು ನನ್ನ ಅಭಿಪ್ರಾಯ.

‘ಬೆನ್ನುಹುರಿಯ ಕ್ಷಯ’ ಎಂಬ ಬಳಕೆಯೂ ಕಾಣುತ್ತದೆ. ಎಲುಬಿನ ಟಿಬಿಯಲ್ಲಿ ಸುಮಾರು ಅರ್ಧದಷ್ಟು ಬೆನ್ನಿನಲ್ಲೇ ಬರುವುದು ನಿಜ. 1779ರಲ್ಲಿ ಇದನ್ನು ವಿವರಿಸಿದ ಇಂಗ್ಲಿಷ್ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರ ಹೆಸರೇ ರೋಗಕ್ಕೆ ಉಳಿದಿದೆ. ಆದರೆ ರೋಗ ಹಿಡಿಯುವುದು ಸಾಮಾನ್ಯವಾಗಿ ಬೆನ್ನೆಲುಬಿನ ಅಕ್ಕಪಕ್ಕದ ಎರಡು ಮಣಿಗಳನ್ನೂ ನಡುವಣ ಬಿಲ್ಲೆಯನ್ನೂ, ಹುರಿಯನ್ನಲ್ಲ. ಮಣಿ ಕುಸಿದು ಬೆನ್ನು ಗೂನಾಗಿ, ಒಳಗಿನ ಹುರಿ ಒತ್ತಿಹೋದರೆ ಕಾಲಿನ ಶಕ್ತಿ ಕುಂದುತ್ತದೆ. ಹಾಗಾಗಿ ಇಲ್ಲಿ ‘ಬೆನ್ನೆಲುಬು’ ಎನ್ನುವುದೇ ಸರಿ.

ಎರಡು ಪದಗಳಿಗೆ ಮಾತ್ರ ನನಗೆ ಕನ್ನಡ ಹೊಳೆದಿಲ್ಲ. ಈ ರೋಗದಲ್ಲಿ ಕೀವು ಕಟ್ಟಿದರೂ ಮೇಲಿನ ಚರ್ಮ ಕೆಂಪಾಗುವುದಿಲ್ಲ, ಮುಟ್ಟಿದರೆ ಬಿಸಿಯಿಲ್ಲ. ಬೆನ್ನಿನ ಕೀವು ಸ್ನಾಯುವಿನ ಗುಂಟ ಇಳಿದು ತೊಡೆಸಂದಿನಲ್ಲಿ ಗಂಟಾಗಿ ಕಾಣುವುದೂ ಉಂಟು. ಇಂಗ್ಲಿಷಿನಲ್ಲಿ ‘ಕೋಲ್ಡ್ ಆಬ್ಸೆಸ್’ ಎನ್ನುವ ಇದನ್ನು ‘ಶೀತ ಕುರು’ ಎನ್ನೋಣವೆಂದರೆ ನಮ್ಮ ಕಡೆ ಶೀತವೆಂದರೆ ನೆಗಡಿ. ‘ತಣ್ಣನೆ ಕುರು’ ಒಪ್ಪಬಹುದೇ? ಇನ್ನೊಂದು, ಹೆಚ್ಚಾಗಿ ಚಿಕ್ಕಮಕ್ಕಳ ಕೈಕಾಲಿನ ಸಣ್ಣ ಎಲುಬುಗಳಿಗೆ ಬರುವ ಅಪರೂಪದ ಬಗೆ: ಬೆರಳು ನಡುವೆ ಉಬ್ಬಿ, ನೂಲು ಸುತ್ತಿದ ಕದಿರಿನಂತೆ ತುದಿಗೆ ಸಪೂರವಾಗುತ್ತದೆ. ಇದರ ಹಳೆಯ ಲ್ಯಾಟಿನ್ ಹೆಸರಾದ ‘ಸ್ಪೈನಾ ವೆಂಟೋಸಾ’ ಎಂಬುದಕ್ಕೆ ‘ಗಾಳಿ ತುಂಬಿದ ಮುಳ್ಳು’ ಎಂಬ ಅರ್ಥವಿದೆ. ಅದನ್ನು ಹಾಗೆಯೇ ತಂದರೆ ಓದುವವರು ವಾಯುವಿನ ಬಾಧೆ ಎಂದುಕೊಂಡಾರು. ‘ಕದಿರುಬೆರಳು’ ಎಂದು ಕಟ್ಟಿ ನೋಡಿದ್ದೇನೆ. ಹಾಲಕ್ಕಿಗಳ, ಹವ್ಯಕರ ಅಥವಾ ಕರಾವಳಿಯ ಮನೆಮಾತಿನಲ್ಲಿ ಇಂಥ ಬೆರಳಿಗೆ ಹಿಂದಿನಿಂದ ಹೆಸರಿದ್ದರೆ, ಬಲ್ಲವರು ದಯವಿಟ್ಟು ತಿಳಿಸಬೇಕು.