‘ದ ಕ್ಯಾಚರ್ ಇನ್ ದ ರೈ’ ಹೋಲ್ಡನ್‌ಗೆ ಇರುವುದು ಸಿಟ್ಟಾ, ಸಂಕಟಾನಾ?

ನೀಲಿಮುಗಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಾಲಿಂಜರ್ ಅವರ ಈ ಕಾದಂಬರಿ ಅರ್ಧ ಓದಿದ್ದೇನೆ. 16 ವರ್ಷದ ಹೋಲ್ಡನ್‌ನನ್ನು ಬೋರ್ಡಿಂಗ್ ಶಾಲೆಯಿಂದ ತೆಗೆದುಹಾಕಿದ್ದಾರೆ. ಕ್ರಿಸ್‌ಮಸ್ ರಜೆ ಶುರುವಾಗುವ ಮುಂಚೆಯೇ ರಾತ್ರೋರಾತ್ರಿ ಹೊರಟು, ಮನೆಗೂ ಹೋಗದೆ ನ್ಯೂಯಾರ್ಕಿನಲ್ಲಿ ಅಲೆಯುತ್ತಾನೆ. ಕಂಡವರನ್ನೆಲ್ಲ ಬೈಯುತ್ತಾನೆ. ಮೇಷ್ಟ್ರು, ರೂಮ್‌ಮೇಟ್, ಸಿನಿಮಾದವರು, ಎಲ್ಲರೂ ಅವನ ಕಣ್ಣಿಗೆ ಬರೀ ತೋರಿಕೆಯವರೇ. ಮಧ್ಯೆ ಸತ್ತುಹೋದ ತಮ್ಮನ ವಿಷಯ ಬರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬೈಗುಳ. ಇದು ದುಃಖದ ಪುಸ್ತಕ ಅಂತ ಬಹಳ ಜನ ಹೇಳುತ್ತಾರೆ. ಅದನ್ನು ಎಲ್ಲಿ ನೋಡಬೇಕು, ಹೇಗೆ ಓದಬೇಕು ಅಂತ ಹೇಳುತ್ತೀರಾ? ಮುಂದಿನ ಕಥೆ ಗೊತ್ತಾದರೂ ಪರವಾಗಿಲ್ಲ.

ಕೇಳುವುದಕ್ಕೆ ಕಾರಣ ಇದೆ. ನಮ್ಮ ಅಕ್ಕನ ಮಗ ಫಸ್ಟ್ ಪಿಯುಸಿ. ಹೋದ ವರ್ಷ ಅವನ ತಂಗಿ ಕಾಯಿಲೆ ಬಿದ್ದು ತೀರಿಕೊಂಡಳು. ಆಮೇಲೆ ಅವನು ಅವಳ ಹೆಸರೇ ಎತ್ತಿಲ್ಲ. ಏನು ಹೇಳಿದರೂ ಸಿಡುಕುತ್ತಾನೆ, ಮನೆಯವರೆಲ್ಲ ವಯಸ್ಸಿನ ಕೊಬ್ಬು ಅನ್ನುತ್ತಾರೆ. ಗೆಳತಿಯೊಬ್ಬಳು ಈ ಪುಸ್ತಕ ಅವನಿಗೆ ಕೊಡು ಅಂದಳು. ಕೊಡಬಹುದಾ?

ಹಳೇಬೀಗ:

5ನೇ ಅಧ್ಯಾಯಕ್ಕೆ ಇನ್ನೊಂದು ಸಲ ಹೋಗಿ. ನಿಧಾನವಾಗಿ ಓದಿ. ರೂಮ್‌ಮೇಟ್ ಸ್ಟ್ರಾಡ್‌ಲೇಟರ್ ತನ್ನ ಪ್ರಬಂಧವನ್ನು ಇವನ ಕೈಲಿ ಬರೆಸುತ್ತಾನೆ. ಯಾವುದೋ ರೂಮನ್ನೋ ಮನೆಯನ್ನೋ ವರ್ಣಿಸಿದರೆ ಸಾಕಿತ್ತು. ಇವನು ಬರೆಯುವುದು ತಮ್ಮ ಆಲಿಯ ಬೇಸ್‌ಬಾಲ್ ಗ್ಲೌಸ್ ಬಗ್ಗೆ. ಆಲಿ ಎಡಚ. ಗ್ಲೌಸಿನ ಬೆರಳುಗಳ ಮೇಲೆಲ್ಲ ಹಸಿರು ಇಂಕಿನಲ್ಲಿ ಕವನಗಳನ್ನು ಬರೆದುಕೊಂಡಿದ್ದ, ಬ್ಯಾಟ್ ಮಾಡುವವರು ಯಾರೂ ಇಲ್ಲದಾಗ ಮೈದಾನದಲ್ಲಿ ನಿಂತುಕೊಂಡೇ ಓದಲಿಕ್ಕೆ. ಆ ಗ್ಲೌಸ್ ಹೋಲ್ಡನ್‌ನ ಸೂಟ್‌ಕೇಸಿನಲ್ಲೇ ಇದೆ.

ಆಲಿ ಲ್ಯುಕೇಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರಿನಿಂದ, ಸತ್ತದ್ದು 1946ರ ಜುಲೈ 18. ಎಲ್ಲವನ್ನೂ ಅಂದಾಜಿನಲ್ಲಿ ಹೇಳುವ ಈ ಹುಡುಗ ಆ ತಾರೀಕನ್ನು ಮಾತ್ರ ಸರಿಯಾಗಿ ಹೇಳುತ್ತಾನೆ, ಗಮನಿಸಿ. ಆಲಿಗೆ 11, ಇವನಿಗೆ 13. ಆ ರಾತ್ರಿ ಗ್ಯಾರೇಜಿನಲ್ಲಿ ಮಲಗಿದವನು ಅಲ್ಲಿನ ಕಿಟಕಿ ಗಾಜುಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದ. ಕಾರಿನ ಗಾಜಿಗೂ ಕೈ ಹಾಕಿದ, ಅಷ್ಟರಲ್ಲಿ ಕೈ ಮುರಿದಿತ್ತು. ಆಸ್ಪತ್ರೆಯಲ್ಲಿದ್ದ ಕಾರಣ ತಮ್ಮನ ಮಣ್ಣಿಗೂ ಹೋಗಲಿಲ್ಲ. ಇದನ್ನು 20ನೇ ಅಧ್ಯಾಯದಲ್ಲಿ ಒಂದು ಮಾತಿನಲ್ಲಿ ಹೇಳಿ ಮುಗಿಸಿಬಿಡುತ್ತಾನೆ.

ಈಗ 6ನೇ ಅಧ್ಯಾಯ ನೋಡಿ. ಸ್ಟ್ರಾಡ್‌ಲೇಟರ್ ಪ್ರಬಂಧ ಸರಿಯಿಲ್ಲ ಅಂತ ಬೈಯುತ್ತಾನೆ, ಇವನು ಅದನ್ನು ಹರಿದು ಹಾಕುತ್ತಾನೆ, ಆಮೇಲೆ ಅವನ ಮುಖಕ್ಕೆ ಗುದ್ದಲು ಹೋಗುತ್ತಾನೆ. ಏಟು ಸರಿಯಾಗಿ ಬೀಳುವುದಿಲ್ಲ. ಯಾಕೆ? ಬಲಗೈ ಮುಷ್ಟಿ ಕಟ್ಟಲು ಬರುವುದಿಲ್ಲ, ಅವತ್ತು ಮುರಿದುಕೊಂಡ ಕೈ ಅದು. ನೀವು ಸಿಟ್ಟಾ ಸಂಕಟಾನಾ ಅಂತ ಕೇಳಿದಿರಲ್ಲ, ಎರಡೂ ಆ ಒಂದೇ ಕೈಯಲ್ಲಿವೆ.

ಕೆಂಪುಮಣ್ಣು:

ಹಳೇಬೀಗ ಅವರು ಹೇಳಿದ್ದು ಸರಿ. ಆದರೆ ಎಲ್ಲವನ್ನೂ ಆಲಿಯ ಸಾವಿಗೇ ಕಟ್ಟಿಬಿಟ್ಟರೆ ಪುಸ್ತಕ ಸಣ್ಣದಾಗುತ್ತದೆ. ಹೋಲ್ಡನ್ ಹೆದರುವುದು ಸಾವಿಗಷ್ಟೇ ಅಲ್ಲ, ದೊಡ್ಡವನಾಗುವುದಕ್ಕೂ ಹೆದರುತ್ತಾನೆ. ಮ್ಯೂಸಿಯಂ ಅವನಿಗೆ ಇಷ್ಟವಾಗುವುದು ಗಾಜಿನ ಹಿಂದೆ ಇರುವುದೆಲ್ಲ ಇದ್ದ ಹಾಗೇ ಇರುತ್ತದೆ ಅನ್ನುವುದಕ್ಕೆ. ನೀವು ಹೋದಾಗೆಲ್ಲ ಬದಲಾಗಿರುವುದು ನೀವು ಮಾತ್ರ. ರೈ ಅನ್ನುವ ಧಾನ್ಯದ ಹೊಲದಲ್ಲಿ ಸಾವಿರಾರು ಮಕ್ಕಳು ಆಡುತ್ತಾ ಇರಬೇಕು, ಬಂಡೆಯಂಚಿಗೆ ಓಡಿ ಬಂದವರನ್ನು ತಾನು ಹಿಡಿದುಕೊಳ್ಳಬೇಕು, ಅವನಿಗೆ ಬೇಕಾದ ಕೆಲಸ ಅದೊಂದೇ. ಆಲಿಯನ್ನು ಹಿಡಿಯಲಾಗಲಿಲ್ಲ, ನಿಜ. ಜೇಮ್ಸ್ ಕ್ಯಾಸಲ್‌ನನ್ನೂ ಹಿಡಿಯಲಾಗಲಿಲ್ಲ. ಹಿಂದಿನ ಶಾಲೆಯಲ್ಲಿ, ಆಡಿದ ಮಾತು ವಾಪಸ್ ತಗೋ ಅಂತ ಕೆಲವರು ಹಿಂಸೆ ಕೊಟ್ಟಾಗ ಕಿಟಕಿಯಿಂದ ಹಾರಿ ಸತ್ತ ಹುಡುಗ ಅವನು. ಸತ್ತಾಗ ಮೈಮೇಲಿದ್ದದ್ದು ಹೋಲ್ಡನ್ ಕೊಟ್ಟ ಸ್ವೆಟರ್. ಹಿಂಸೆ ಕೊಟ್ಟವರನ್ನು ಶಾಲೆಯಿಂದ ತೆಗೆದರು ಅಷ್ಟೆ, ಯಾರೂ ಜೈಲಿಗೆ ಹೋಗಲಿಲ್ಲ. ದೊಡ್ಡವರ ಮೇಲೆ ನಂಬಿಕೆ ಹೋಗದೆ ಇನ್ನೇನಾಗುತ್ತದೆ ಹೇಳಿ?

ಬರೆದವರ ಬದುಕನ್ನೂ ಮರೆಯಬಾರದು. ಸಾಲಿಂಜರ್ ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಫ್ರಾನ್ಸಿನ ನಾರ್ಮಂಡಿಯ ಯೂಟಾ ಬೀಚಿನಲ್ಲಿ ಇಳಿದ ಸೈನಿಕ. ಯುದ್ಧ ಮುಗಿದ ಮೇಲೆ ಮನಸ್ಸು ಕೆಟ್ಟು ನ್ಯೂರೆಂಬರ್ಗಿನಲ್ಲಿ ಆಸ್ಪತ್ರೆ ಸೇರಿದ್ದರು. ಕಾದಂಬರಿ ಬಂದದ್ದು 1951ರಲ್ಲಿ. ಅದರಲ್ಲಿ ಯುದ್ಧದ ಒಂದು ದೃಶ್ಯವೂ ಇಲ್ಲ. ಅಷ್ಟು ಸಾವು ನೋಡಿ ಬಂದವರು 11 ವರ್ಷದ ಒಬ್ಬ ಹುಡುಗನ ಸಾವನ್ನು ಬರೆದರು.

ರಾತ್ರಿಪಾಳಿ:

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಅದಕ್ಕೇ ಆ ವರ್ಷದ ಬಗ್ಗೆ ಒಂದು ಮಾತು. 1946ರಲ್ಲಿ ಮಕ್ಕಳ ಲ್ಯುಕೇಮಿಯಾಕ್ಕೆ ಔಷಧಿಯೇ ಇರಲಿಲ್ಲ. ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ಅನ್ನುವ ಔಷಧಿ ಕೊಟ್ಟು ಕೆಲವು ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಕಾಲ ತಗ್ಗಿದ್ದನ್ನು ಪ್ರಕಟಿಸಿದ್ದು 1948ರಲ್ಲಿ. ಅಂದರೆ ಆಲಿಯ ಮನೆಯವರು ಕೈಕಟ್ಟಿ ನೋಡುತ್ತಾ ಕೂರಬೇಕಿತ್ತು, ಹೋಲ್ಡನ್ ಕೂಡ. ಇವತ್ತು ಬಹುಪಾಲು ಮಕ್ಕಳು ಉಳಿಯುತ್ತಾರೆ, ಆದರೆ ಅಣ್ಣಂದಿರು ಅಕ್ಕಂದಿರ ಸ್ಥಿತಿ ಅಷ್ಟೇನೂ ಬದಲಾಗಿಲ್ಲ. ಎಲ್ಲರ ಕಣ್ಣೂ ಕಾಯಿಲೆಯ ಮಗುವಿನ ಮೇಲೆ. ಇನ್ನೊಂದು ಮಗು ಅಜ್ಜಿ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುತ್ತದೆ, ಸಾವಾದರೆ ಅದನ್ನು ಸ್ಮಶಾನಕ್ಕೂ ಕರೆದುಕೊಂಡು ಹೋಗುವುದಿಲ್ಲ, ಚಿಕ್ಕವನು ಯಾಕೆ ಅಂತ. ಆಮೇಲೆ ಅದನ್ನು ಯಾರೂ ಏನೂ ಕೇಳುವುದಿಲ್ಲ.

ಕಾದಂಬರಿಯಲ್ಲೂ ಹಾಗೇ. ಅಮ್ಮ ಇನ್ನೂ ಚೇತರಿಸಿಕೊಂಡಿಲ್ಲ, ರಾತ್ರಿ ನಿದ್ದೆ ಇಲ್ಲ, ಸಿಗರೇಟು ಸೇದುತ್ತಾ ಕೂರುತ್ತಾಳೆ. ಗಾಜು ಒಡೆದದ್ದಕ್ಕೆ ಮಗನನ್ನು ಮನೋವೈದ್ಯರಿಗೆ ತೋರಿಸುವ ಮಾತು ಬಂದಿತ್ತು. ಆಲಿಯ ಬಗ್ಗೆ ಅವನ ಜೊತೆ ಕೂತು ಮಾತಾಡಿದವರು ಮಾತ್ರ ಯಾರೂ ಕಾಣುವುದಿಲ್ಲ. ಹಾಗಾಗಿ ಅವನು ಆಲಿಯ ಜೊತೆಯೇ ಮಾತಾಡುತ್ತಾನೆ. 14ನೇ ಅಧ್ಯಾಯದಲ್ಲಿದೆ. ಒಂದು ದಿನ ನೀನು ಚಿಕ್ಕವನು ಅಂತ ಆಲಿಯನ್ನು ಬಿಟ್ಟು ಆಡಲು ಹೋಗಿದ್ದ. ಈಗ ಬೇಜಾರಾದಾಗೆಲ್ಲ, ಮನೆಗೆ ಹೋಗಿ ಸೈಕಲ್ ತಗೊಂಡು ಬಾ ಅಂತ ಸತ್ತ ತಮ್ಮನಿಗೆ ಜೋರಾಗಿ ಹೇಳುತ್ತಾನೆ. ಬೇರೆ ದಿನಗಳಲ್ಲಿ ಕರೆದುಕೊಂಡು ಹೋಗುತ್ತಿದ್ದ, ಆದರೆ ತಲೆಯಲ್ಲಿ ಉಳಿದದ್ದು ಆ ಒಂದು ದಿನ. ಒಡಹುಟ್ಟಿದವರನ್ನು ಕಳೆದುಕೊಂಡ ಮಕ್ಕಳು ನನ್ನ ಹತ್ತಿರ ಇಂಥದ್ದನ್ನೇ ಹೇಳಿದ್ದಾರೆ. ಅವತ್ತು ಅವಳ ಪೆನ್ಸಿಲ್ ಕಿತ್ತುಕೊಂಡೆ, ಅವತ್ತು ಜಗಳ ಆಡಿದೆ ಅಂತ.

ನೀಲಿಮುಗಿಲು:

ರಾತ್ರಿಪಾಳಿ ಅವರೇ, ಓದಿ ತುಂಬಾ ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮ ಹುಡುಗನನ್ನೂ ಅವತ್ತು ಪಕ್ಕದ ಮನೆಯಲ್ಲೇ ಕೂರಿಸಿದ್ದರು. ಪುಸ್ತಕ ಕೊಡಲಾ ಬೇಡವಾ ಅಂತ ಈಗ ಇನ್ನೂ ಗೊಂದಲ.

ಹಳೇಬೀಗ:

ನನ್ನ ಅಭಿಪ್ರಾಯ ಕೊಡಬಹುದು ಅಂತಲೇ. ಆ ವಯಸ್ಸಿನಲ್ಲಿ, ನನ್ನ ಹಾಗೆ ಇನ್ನೊಬ್ಬನಿದ್ದಾನೆ ಅಂತ ಗೊತ್ತಾಗುವುದೇ ದೊಡ್ಡ ವಿಷಯ.

ರಾತ್ರಿಪಾಳಿ:

ಈಗಲೇ ಬೇಡ ಅನ್ನುತ್ತೇನೆ, ಅದೂ ಸುಮ್ನೆ ಕೈಗಿಟ್ಟು ಬರುವುದಂತೂ ಬೇಡ. ಜೇಮ್ಸ್ ಕ್ಯಾಸಲ್ ಭಾಗ ಇದೆ. ಹೋಲ್ಡನ್ ಕೂಡ ಒಂದು ಕಡೆ ಕಿಟಕಿಯಿಂದ ಹಾರಬೇಕು ಅನ್ನಿಸಿತು ಅನ್ನುತ್ತಾನೆ. ಒಬ್ಬನೇ ರೂಮಿನಲ್ಲಿ ಕೂತು ಓದುವ ಪುಸ್ತಕ ಅಲ್ಲ, ಈ ಹುಡುಗನಿಗೆ ಈ ಹೊತ್ತಿನಲ್ಲಿ.

ಕಾದಂಬರಿಯಲ್ಲಿ 10 ವರ್ಷದ ತಂಗಿ ಫೀಬಿ ಮಾಡುವುದನ್ನು ನೋಡಿ. ನಿನಗೆ ಇಷ್ಟವಾದದ್ದು ಒಂದಾದರೂ ಹೇಳು ಅಂತ ಪಟ್ಟು ಹಿಡಿಯುತ್ತಾಳೆ. ಅವನು ಆಲಿ ಅನ್ನುತ್ತಾನೆ. ಆಲಿ ಸತ್ತುಹೋಗಿದ್ದಾನೆ ಅಂತ ಅವಳು ನೇರವಾಗಿ ಹೇಳುತ್ತಾಳೆ. ಸತ್ತರೇನು, ಸತ್ತವರ ಮೇಲಿನ ಪ್ರೀತಿ ನಿಂತುಹೋಗುತ್ತದಾ ಅಂತ ಅವನು ರೇಗುತ್ತಾನೆ. ಮನಸ್ಸಿನ ಮಾತು ಹೊರಗೆ ಬಂದದ್ದು ಆ ಜಗಳದಲ್ಲೇ ಅಲ್ವಾ? ನೀವೂ ಮೊದಲು ನಿಮ್ಮ ಹುಡುಗನ ತಂಗಿಯ ಹೆಸರು ಎತ್ತಿ. ಅಳಿಸಬೇಕು ಅಂತಲ್ಲ. ಊಟ ಮಾಡುವಾಗ, ಇದು ಅವಳಿಗೆ ಇಷ್ಟ ಇತ್ತು ಅಲ್ವೇನೋ ಅಂತ ಕೇಳಿ ನೋಡಿ. ಸಿಡುಕಿದರೆ ಸಿಡುಕಲಿ, ಎದ್ದು ಹೋಗಬೇಡಿ.

ಊಟ ನಿದ್ದೆ ಕೆಟ್ಟಿದ್ದರೆ ಅಥವಾ ಸಾಯುವ ಮಾತು ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮಕ್ಕನಿಗೂ ಆ ನಂಬರ್ ಕೊಡಿ.